ಕಾಡು ಉಳಿಯಲು ಸೋಲಿಗರು ಹೊರಡಲೇಬೇಕೇ?

ಮಾನ್ಯ ಓದುಗರೇ,

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರದಲ್ಲಿ ಎರಡು ವಾದಗಳಿವೆ. ಹುಲಿ ಉಳಿಯಬೇಕಾದರೆ ಕಾಡಿನೊಳಗೆ ಮನುಷ್ಯವಾಸ ಇರಕೂಡದು ಎಂಬುದು ಮೊದಲನೆಯದು. ಕುಟುಂಬಕ್ಕೆ 15 ಲಕ್ಷ ರೂಪಾಯಿ ಕೊಟ್ಟು ಪೋಡುಗಳ, ಅಂದರೆ ಕಾಡಿನೊಳಗಿನ ಸೋಲಿಗರ ಹಾಡಿಗಳ, ಜನರನ್ನು ಹೊರಗೆ ನೆಲೆಗೊಳಿಸಿದರೆ ಅವರ ಮಕ್ಕಳಿಗೆ ಶಾಲೆ, ಆಸ್ಪತ್ರೆ ಸಿಗುತ್ತವೆ ಎಂಬುದು ಎರಡನೆಯದು. ಕಾಡಿನ ಬಗ್ಗೆ ತಮಗಿರುವ ಕಳಕಳಿ ನನಗೂ ಇದೆ. ಆದರೂ ಈ ಎರಡು ವಾದಗಳನ್ನು ನಾನು ಒಪ್ಪಲಾರೆ.

ಈ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಬೇಟೆ ಮತ್ತು ಕಾಡು ಸವರಿ ಮಾಡುವ ಬೇಸಾಯವನ್ನು ಬಿಟ್ಟ ಸೋಲಿಗರಿಗೆ ಜೇನು, ನೆಲ್ಲಿಕಾಯಿ, ಅಂಟುವಾಳ, ಕಲ್ಲುಪಾಚಿಗಳ ಮಾರಾಟವೇ ಕೈಗೆ ಹಣ ತರುವ ದಾರಿಯಾಗಿ ಉಳಿಯಿತು. ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅದಕ್ಕೂ ನಿಷೇಧ ಬಂದು, ಹಲವರು ಕಾಫಿ ತೋಟಗಳ ಕೂಲಿಗೆ ಹೋಗಬೇಕಾಯಿತು. ಕಾಡನ್ನು ಉಳಿಸುವ ಖರ್ಚನ್ನು ನಾಡೆಲ್ಲ ಹಂಚಿಕೊಳ್ಳಲಿಲ್ಲ. ಅತ್ಯಂತ ಕಡಿಮೆ ಆದಾಯದವರೇ ಅದನ್ನು ಪೂರ್ತಿಯಾಗಿ ಭರಿಸಿದರು. ನನ್ನ ಆಕ್ಷೇಪವಿರುವುದು ಮುಖ್ಯವಾಗಿ ಇಲ್ಲಿ.

ಇನ್ನು ಈ ನಿಷೇಧಗಳಿಂದ ಕಾಡಿಗೆ ಲಾಭವಾಯಿತೇ ಎಂದು ನೋಡೋಣ. ನೆಲ್ಲಿ ಮರ ಹತ್ತಿ ಕಾಯಿ ಉದುರಿಸುವ ಅನುಭವಿ ಸೋಲಿಗರು ಜಿಂಕೆಗಳಿಗೆಂದು ಒಂದಷ್ಟು ಕಾಯಿಗಳನ್ನು ಬಿಡುತ್ತಾರೆ. ಆ ಕಾಯಿಗಳನ್ನು ತಿಂದ ಜಿಂಕೆ ಮೆಲುಕು ಹಾಕುವಾಗ ಉಗುಳಿದ ಬೀಜ ಬೇರೆಡೆ ಮೊಳೆಯುತ್ತದೆ. ಮರದ ಸತ್ವ ಹೀರುವ ಬಂದಳಿಕೆ ಕಂಡರೆ ಅದನ್ನೂ ಕತ್ತರಿಸಿ ಹಾಕುತ್ತಾರೆ. ಅವಸರಕ್ಕೆ ಕೊಂಬೆಯನ್ನೇ ಕಡಿದು ಕೆಡವುವವರೂ ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದಕ್ಕೆ ಮದ್ದು ಊರಿನವರೇ ಮಾಡಿಕೊಳ್ಳುವ ಕಟ್ಟುಪಾಡು. ಹಿಂದೆ ಬೇಸಿಗೆ ಬಲಿಯುವ ಮೊದಲೇ ಅವರು ನೆಲದ ಒಣ ಎಲೆಗಳಿಗೆ ಹಚ್ಚುತ್ತಿದ್ದ ಸಣ್ಣ ‘ತರಗು ಬೆಂಕಿ’ಯೂ ಅಭಯಾರಣ್ಯವಾದ ಮೇಲೆ ನಿಂತುಹೋಯಿತು. ಲಂಟಾನ ಎಂಬ ಹೊರನಾಡಿನ ಕಳೆಪೊದೆ ಮತ್ತು ಬಂದಳಿಕೆ ಹೆಚ್ಚಿದ್ದು ಆ ಬೆಂಕಿ ನಿಂತ ಮೇಲೆಯೇ ಎಂದು ಹಿರಿಯ ಸೋಲಿಗರು ಹೇಳುತ್ತಾರೆ. 1997ರಿಂದ 2008ರ ನಡುವೆ ಈ ಕಾಡಿನಲ್ಲಿ ಲಂಟಾನ ಸುಮಾರು ಎರಡರಷ್ಟು ಜಾಗಕ್ಕೆ ಹಬ್ಬಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಆಳೆತ್ತರ ಬೆಳೆದ ಈ ಪೊದೆಗಳ ನಡುವೆ ಇಂದು ಏಕಾಏಕಿ ಬೆಂಕಿ ಹಚ್ಚುವುದು ಅಪಾಯವೇ ಸರಿ. ಮೊದಲು ಲಂಟಾನವನ್ನು ಬುಡಸಮೇತ ಕೀಳಿಸಬೇಕು, ಆ ಕೆಲಸಕ್ಕೆ ಸೋಲಿಗರಿಗೇ ಕೂಲಿ ಕೊಡಬೇಕು.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಇಲ್ಲಿನ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕು, ಅಂದರೆ ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸುವ ಮತ್ತು ಕಾಡನ್ನು ನೋಡಿಕೊಳ್ಳುವ ಸಾಮೂಹಿಕ ಹಕ್ಕು, ದೊರೆಯಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದದ್ದೂ ಅದೇ ವರ್ಷ. ಹುಲಿಯ ಕಾಡೊಂದರಲ್ಲಿ ಇಂತಹ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಸೋಲಿಗರು ಒಳಗೆ ಇದ್ದಂತೆಯೇ, 2010 ಮತ್ತು 2014ರ ಗಣತಿಗಳ ನಡುವೆ, ಇಲ್ಲಿ ಹುಲಿಗಳ ಸಂಖ್ಯೆ ಏರಿತು. ಹೀಗಿರುವಾಗ ಮನುಷ್ಯರಿದ್ದರೆ ಹುಲಿ ಉಳಿಯದು ಎಂಬುದನ್ನು ಎಲ್ಲ ಕಾಡಿಗೂ ಒಪ್ಪುವ ನಿಯಮವೆಂದು ಹೇಗೆ ಹೇಳುವುದು?

ಪರಿಹಾರದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಮೊದಲು ಹಕ್ಕುಗಳ ಇತ್ಯರ್ಥವಾಗಬೇಕು, ನಂತರ ಗ್ರಾಮಸಭೆ ಎಲ್ಲವನ್ನೂ ತಿಳಿದು ಒಪ್ಪಬೇಕು, ಹೊರಡುವವರು ಸ್ವಂತ ಇಚ್ಛೆಯಿಂದ ಹೊರಡಬೇಕು. ಹಾಗೆ ಬಯಸುವ ಕುಟುಂಬಕ್ಕೆ ಭೂಮಿ, ಮನೆ, ನೀರು ಎಲ್ಲವೂ ತಡವಿಲ್ಲದೆ ಸಿಗಲಿ. ಆದರೆ ರಸ್ತೆಯನ್ನೂ ಔಷಧಿಯನ್ನೂ ವರ್ಷಗಟ್ಟಲೆ ತಡೆಹಿಡಿದು, ಬೇಸತ್ತವರಿಂದ ಪಡೆದ ಸಹಿಯನ್ನು ನಾನು ಒಪ್ಪಿಗೆಯೆಂದು ಕರೆಯಲಾರೆ.

ತಾವು ಕೇಳಿದ ಶಾಲೆ, ಆಸ್ಪತ್ರೆಗಳಿಗಾಗಿ ಅವರನ್ನು ಒಕ್ಕಲೆಬ್ಬಿಸುವ ಅಗತ್ಯವೂ ಇಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಚಿಕಿತ್ಸೆಯನ್ನೂ ಶಿಕ್ಷಣವನ್ನೂ ಬೆಟ್ಟದ ಮೇಲೆಯೇ ಒದಗಿಸಿದೆ. ಶಾಲೆ, ಅಂಗನವಾಡಿ, ಔಷಧಾಲಯ, ಕುಡಿಯುವ ನೀರಿನಂತಹ ಸೌಲಭ್ಯಗಳಿಗೆ, ತಲಾ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯಭೂಮಿಯನ್ನು ಹೆಕ್ಟೇರಿಗೆ 75 ಮರಗಳ ಮಿತಿಯಲ್ಲಿ ಗ್ರಾಮಸಭೆಯ ಶಿಫಾರಸಿನ ಮೇಲೆ ಬಳಸಲು ಅರಣ್ಯ ಹಕ್ಕು ಕಾಯ್ದೆಯೇ ಅವಕಾಶ ಕೊಟ್ಟಿದೆ. ಸರ್ಕಾರಕ್ಕೆ ಮನವಿ ಬರೆಯುವ ಇಚ್ಛೆಯಿದೆ ಎಂದಿದ್ದೀರಿ. ಪೋಡುಗಳ ಯಾವ ಶಿಫಾರಸುಗಳು ಮಂಜೂರಾಗಿವೆ, ಯಾವುವು ಬಾಕಿ ಉಳಿದಿವೆ ಎಂದು ಚಾಮರಾಜನಗರ ಜಿಲ್ಲಾಡಳಿತವನ್ನು ಕೇಳಿ ಬರೆಯಿರಿ; ತಮಗೆ ಬರುವ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ