ಸಂಪಾದಕರ ಉತ್ತರ: ಗಿಡ ನೆಡುವ ಮೊದಲು ಮಳೆ ಅಳೆಯಿರಿ

ತೀರ್ಥಹಳ್ಳಿ ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರದ ಸಾರ: ‘ಪ್ರತಿ ಜೂನ್ 5ರಂದು ಪರಿಸರ ದಿನಕ್ಕೆ ಗಿಡ ನೆಟ್ಟು, ಭಾಷಣ, ಚಿತ್ರ ಸ್ಪರ್ಧೆ ನಡೆಸುತ್ತೇವೆ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಗಿಡ. ಕಾಡಿನ ನಡುವೆಯೇ ಬೆಳೆಯುವ ಮಕ್ಕಳಿಗೆ ಇದೆಲ್ಲ ಏಕೆ, ಪಾಠದ ಹೊತ್ತು ಹಾಳು ಎಂದು ಪೋಷಕರು ಆಕ್ಷೇಪಿಸುತ್ತಾರೆ. ಏನು ಮಾಡಲಿ?’

ಮಾನ್ಯರೇ,

ಈ ವರ್ಷ ಗುಂಡಿ ತೋಡಬೇಡಿ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ನೀರೆರೆಯುವವರಿಲ್ಲದ, ಬೇಲಿಯೂ ಇಲ್ಲದ ಅಂಗಳದಲ್ಲಿ ಗಿಡ ಉಳಿಯುವುದಿಲ್ಲ. ಅದರ ಬದಲು ಮಕ್ಕಳ ಕೈಗೆ ಒಂದು ಮಳೆಮಾಪಕ ಕೊಡಿ.

ದುಡ್ಡು ಬೇಕಿಲ್ಲ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಸಪಾಟಾದ, ಅಡಿ ಎತ್ತರದ ಪಾತ್ರೆ ಸಾಕು. ನಮ್ಮ ಮಳೆಗೆ ಗಿಡ್ಡ ಪಾತ್ರೆ ತುಂಬಿ ಚೆಲ್ಲಿಬಿಡುತ್ತದೆ. ಮಾಡಿನ ನೀರು, ಮರದ ಹನಿ ಬೀಳದ ಬಯಲಿನಲ್ಲಿ ಗಾಳಿಗೆ ಉರುಳದಂತೆ ನಿಲ್ಲಿಸಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದು ಬೆಳಿಗ್ಗೆ 8.30ಕ್ಕೆ, ನೀವೂ ಅದೇ ಹೊತ್ತಿಗೆ ಪಾತ್ರೆಯಲ್ಲಿ ನಿಂತ ನೀರಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆದು, ಬರೆದು, ಪಾತ್ರೆ ಬರಿದು ಮಾಡಿ. ಮಲೆನಾಡಿನಲ್ಲಿ ಹೆಚ್ಚು ಮಳೆ ಸುರಿಯುವ ದಿನವೇ ಶಾಲೆಗೆ ರಜೆ. ಆದ್ದರಿಂದ ಮಾಪಕವನ್ನು ವಿದ್ಯಾರ್ಥಿಯೊಬ್ಬರ ಮನೆಯಂಗಳದಲ್ಲಿ ಇಡುವುದೇ ಲೇಸು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಶಾಲೆಯ ಮಾಡು ನೂರು ಚದರ ಮೀಟರ್ ಇದ್ದು, ಒಂದು ದಿನ ನೂರು ಮಿಲಿಮೀಟರ್ ಮಳೆಯಾದರೆ ಹತ್ತು ಸಾವಿರ ಲೀಟರ್. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. ಜೊತೆಗೆ ವಾರಕ್ಕೊಮ್ಮೆ ನೀವೇ ನಿಂತು ಬಾವಿಗೆ ಹಗ್ಗ ಇಳಿಸಿ ನೀರಿನ ಮಟ್ಟ ಬರೆಸಿ. ಮಾರ್ಚ್ ಬರುವಷ್ಟರಲ್ಲಿ, ಇಷ್ಟೊಂದು ನೀರು ಬಿದ್ದರೂ ಬಾವಿ ಏಕೆ ಇಳಿಯಿತು ಎಂದು ಅವರೇ ಕೇಳುತ್ತಾರೆ. ನಿಜವಾದ ಪಾಠ ಶುರುವಾಗುವುದು ಅಲ್ಲಿ.

ಆ ಪ್ರಶ್ನೆಗೆ ಸಿದ್ಧ ಉತ್ತರ ಕೊಡಬೇಡಿ. ಮಳೆಗಾಲದಲ್ಲಿ ಕಾಡಿನ ಇಳಿಜಾರಿನಿಂದ ಬರುವ ನೀರನ್ನು ಒಂದು ಬಾಟಲಿಯಲ್ಲಿ, ಹೊಸದಾಗಿ ಅಗೆದ ಶುಂಠಿ ಗದ್ದೆಯಿಂದ ಹರಿದು ಬರುವ ನೀರನ್ನು ಇನ್ನೊಂದರಲ್ಲಿ ನೀವೇ ತುಂಬಿ ತಂದು, ತರಗತಿಯ ಕಿಟಕಿಯಲ್ಲಿ ಮರುದಿನದವರೆಗೆ ಇಡಿ. ತಳದಲ್ಲಿ ಕೂತ ಮಣ್ಣನ್ನು ಮಕ್ಕಳು ಅಳೆಯಲಿ. ತರಗೆಲೆ ಮುಚ್ಚಿದ ನೆಲ ನೀರನ್ನು ಹೇಗೆ ಒಳಗೆಳೆದುಕೊಳ್ಳುತ್ತದೆ ಎಂಬುದನ್ನು ಆಮೇಲೆ ವಿವರಿಸಿದರೆ ಮರೆಯುವುದಿಲ್ಲ. ಒಂದು ಮಾತು ಒತ್ತಿ ಹೇಳುತ್ತೇನೆ: ಆ ಶುಂಠಿ ಬೆಳೆದವರು ನಿಮ್ಮ ತರಗತಿಯ ಮಗುವೊಂದರ ತಂದೆಯೇ ಆಗಿರಬಹುದು, ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು ಆ ಬೆಳೆಯಿಂದಲೇ ನಡೆಯುತ್ತಿರಬಹುದು. ಮಗುವಿನ ಮುಂದೆ ಅದರ ಮನೆಯವರನ್ನು ಅಪರಾಧಿಗಳನ್ನಾಗಿ ನಿಲ್ಲಿಸುವ ಪರಿಸರ ಶಿಕ್ಷಣ ನನಗೆ ಬೇಡ. ಬದುಗಳನ್ನು ಹೇಗೆ ಕಟ್ಟಿದ್ದೀರಿ ಎಂದು ಆ ತಂದೆಯನ್ನೇ ತರಗತಿಗೆ ಕರೆದು ಕೇಳಿ.

ಇನ್ನು ಪೋಷಕರ ಆಕ್ಷೇಪ. ಪರಿಸರವನ್ನು ಪಾಠವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ನಿರ್ದೇಶನ ನೀಡಿದೆ. ಆದರೆ ಅವರಿಗೆ ತೀರ್ಪು ತೋರಿಸುವುದಕ್ಕಿಂತ ಮಕ್ಕಳು ಮಳೆಯ ಲೆಕ್ಕ ಬರೆದ ಪುಸ್ತಕ ತೋರಿಸಿ. ಸರಾಸರಿ, ಶೇಕಡಾವಾರು, ನಕ್ಷೆ ಎಲ್ಲವೂ ಅದರಲ್ಲಿವೆ. ನಿಮ್ಮ ತಾಲ್ಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆಯಲ್ಲಿ ಈ ಅಂತರವೇಕೆ ಎಂದು ಕೇಳಿದರೆ ಘಟ್ಟದ ಅಂಚಿನ ಭೂಗೋಳ ತಾನಾಗಿ ಬರುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಮಾತ್ರ ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವ ಕಾಲ ಅದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದು ಪ್ರತಿ ಮಗುವಿಗೂ ಗೊತ್ತಿರಲಿ. ಮಲೆನಾಡಿನ ಶಾಲೆಗೆ ಇದಕ್ಕಿಂತ ತುರ್ತಿನ ಪರಿಸರ ಪಾಠ ಇನ್ನೊಂದಿಲ್ಲ.

ಗಿಡ ಬೇಕೇ ಬೇಕೆಂದರೆ ಹಲಸು, ನೇರಳೆಯ ಬೀಜಗಳನ್ನು ಹಣ್ಣು ತಿಂದ ಕೂಡಲೇ ಬಿತ್ತಿಸಿ. ಒಣಗಿದರೆ ಅವು ಮೊಳೆಯುವುದಿಲ್ಲ. ಮೊದಲ ವರ್ಷದ ಸಸಿಗಳು ಚೀಲದಲ್ಲೇ ಇರಲಿ. ರಜೆಯಲ್ಲಿ ಮಕ್ಕಳು ಅವನ್ನು ಮನೆಗೊಯ್ದು ನೀರೆರೆಯಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಿಮ್ಮ ಮಳೆಯ ಪಟ್ಟಿಯನ್ನು ನಮಗೆ ಕಳುಹಿಸಿ. ಅಳೆಯದೆ ತಪ್ಪಿದ ದಿನಗಳನ್ನು ಅಂದಾಜಿನಿಂದ ತುಂಬದೆ ಖಾಲಿ ಬಿಡಿಸಿ. ಆ ಪಟ್ಟಿಯನ್ನು ಹಾಗೆಯೇ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ