ಓದುಗರ ಪ್ರಶ್ನೆ: ರಾಯಭಾರಿ ಕೆ.ಆರ್. ನಾರಾಯಣನ್

ರಾಯಭಾರಿಗಳ ಕೆಲಸ ಮತ್ತು ರಾಜಕಾರಣದ ನಂಟಿನ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಬ್ಬರ ಹೆಸರಿಗೇ ಬಂದು ನಿಲ್ಲುತ್ತವೆಯಾದ್ದರಿಂದ ಇಡೀ ಅಂಕಣವನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ರಾಯಭಾರಿಯಾಗಿದ್ದವರು ರಾಜಕಾರಣಕ್ಕೆ ಬಂದು ನೆಲೆ ನಿಂತ ಉದಾಹರಣೆ ಇದೆಯೇ? ಒಂದರಲ್ಲಿ ಬಾಯಿ ಬಿಗಿಹಿಡಿಯಬೇಕು, ಇನ್ನೊಂದರಲ್ಲಿ ಬಾಯಿಯೇ ಬಂಡವಾಳ. ಎರಡೂ ಒಬ್ಬರಲ್ಲೇ ಕೂಡಿಬರುವುದು ಹೇಗೆ? (ಹಾಸನದ ಓದುಗರು)

ಕೂಡಿಬಂದದ್ದಕ್ಕೆ ನನಗೆ ತಿಳಿದ ದೊಡ್ಡ ಉದಾಹರಣೆ, ಮುಂದೆ ರಾಷ್ಟ್ರಪತಿಯೂ ಆದ ಕೆ.ಆರ್. ನಾರಾಯಣನ್. ಕೇರಳದ ಉಳವೂರಿನ ಹುಲ್ಲು ಹೊದಿಸಿದ ಮನೆಯೊಂದರಲ್ಲಿ, ದಲಿತ ಕುಟುಂಬದಲ್ಲಿ ಹುಟ್ಟಿದವರು. ತಂದೆ ನಾಟಿ ವೈದ್ಯರು. ಗದ್ದೆಗಳ ನಡುವೆ ದಿನವೂ ಸುಮಾರು 15 ಕಿಲೋಮೀಟರ್ ನಡೆದು ಶಾಲೆಗೆ ಹೋಗುತ್ತಿದ್ದ ಹುಡುಗ, ಶುಲ್ಕ ಕಟ್ಟಲಾಗದೆ ತರಗತಿಯ ಹೊರಗೆ ನಿಂತು ಪಾಠ ಕೇಳಿಸಿಕೊಂಡ ದಿನಗಳೂ ಇದ್ದವು. ಪುಸ್ತಕ ಕೊಳ್ಳುವ ಶಕ್ತಿ ಮನೆಗಿರಲಿಲ್ಲ. ಉಬ್ಬಸದಿಂದ ಮನೆಯಲ್ಲೇ ಉಳಿದಿದ್ದ ಸೋದರ ನೀಲಕಂಠನ್ ಬೇರೆ ಮಕ್ಕಳಿಂದ ಪುಸ್ತಕ ಎರವಲು ತಂದು, ಅದನ್ನು ಕೈಯಲ್ಲಿ ನಕಲು ಮಾಡಿ ತಮ್ಮ ಒಡಹುಟ್ಟಿದವನಿಗೆ ಕೊಡುತ್ತಿದ್ದರು. ಹೀಗೆ ಓದಿದ ನಾರಾಯಣನ್ 1943ರಲ್ಲಿ ತಿರುವಾಂಕೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರಾಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದರು. ಸ್ವಲ್ಪ ಕಾಲ ಪತ್ರಕರ್ತರಾಗಿದ್ದು, ಟಾಟಾ ವಿದ್ಯಾರ್ಥಿವೇತನದ ನೆರವಿನಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿ, ಹೆಸರಾಂತ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್ಕಿಯವರ ಶಿಷ್ಯರಾದರು.

1948ರಲ್ಲಿ ಮರಳುವಾಗ ಲಾಸ್ಕಿ ತಮ್ಮ ಈ ಶಿಷ್ಯನ ಕೈಗೆ ನೆಹರೂ ಹೆಸರಿಗೊಂದು ಪರಿಚಯ ಪತ್ರ ಕೊಟ್ಟಿದ್ದರು. ನಾರಾಯಣನ್ ತಾವೇ ಹೇಳಿಕೊಂಡಿರುವಂತೆ, ಭೇಟಿಯ ಉದ್ದಕ್ಕೂ ಅವರು ಆ ಪತ್ರವನ್ನು ಹೊರತೆಗೆಯಲಿಲ್ಲ. ಲಂಡನ್ನಿನ ಬಗ್ಗೆ ಮಾತು ಮುಗಿದು ಎದ್ದು ಹೊರಡುವಾಗ ಕೊಟ್ಟು ನಡೆದರು. ಬಾಗಿಲು ದಾಟಿದ ಮೇಲೆ ನೆಹರೂ ಮತ್ತೆ ಕರೆಸಿ, ಇದನ್ನು ಮೊದಲೇ ಏಕೆ ಕೊಡಲಿಲ್ಲ ಎಂದು ಕೇಳಿದರು. 1949ರಲ್ಲಿ ಅವರು ವಿದೇಶಾಂಗ ಸೇವೆ ಸೇರಿದರು. ಶಿಫಾರಸು ಪತ್ರವನ್ನು ಮುಂದೆ ಹಿಡಿದು ಒಳಹೋಗುವವರನ್ನೇ ನೋಡಿ ರೂಢಿಯಾದ ನಮಗೆ ಈ ಪ್ರಸಂಗದಲ್ಲಿ ಆ ಮನುಷ್ಯನ ಗುಣ ಪೂರ್ತಿಯಾಗಿ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ರಂಗೂನ್, ಟೋಕಿಯೊ, ಕ್ಯಾನ್‌ಬೆರಾ, ಹನೋಯ್ ಮುಂತಾದ ಕಡೆ ಕೆಲಸ ಮಾಡಿ ಥಾಯ್ಲೆಂಡ್, ಟರ್ಕಿ, ಚೀನಾಗಳಲ್ಲಿ ರಾಯಭಾರಿಯಾದರು. 1978ರಲ್ಲಿ ನಿವೃತ್ತರಾಗಿ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರನ್ನು 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಕರೆದು ಅಮೆರಿಕಕ್ಕೆ ಕಳುಹಿಸಿದರು. 1984ರ ಚುನಾವಣೆಯಲ್ಲಿ ಒಟ್ಟಪಾಲಂ ಮೀಸಲು ಕ್ಷೇತ್ರದಿಂದ ಗೆದ್ದು, 1989 ಮತ್ತು 1991ರಲ್ಲೂ ಅಲ್ಲಿಂದಲೇ ಆಯ್ಕೆಯಾದರು.

ಬಾಯಿ ಬಂಡವಾಳದ ಮಾತಿಗೆ ಬರುವುದಾದರೆ, ಅವರು ರಾಜಕಾರಣಕ್ಕೆ ತಂದದ್ದು ಭಾಷಣವನ್ನಲ್ಲ, ಕಾರಣ ಕೊಟ್ಟು ಬರೆಯುವ ಅಭ್ಯಾಸವನ್ನು. ಅದು ಹೇಗೆ ಎಂಬುದು ಕೆಳಗಿನ ಉತ್ತರಗಳಲ್ಲಿದೆ.

ಪ್ರಶ್ನೆ: ಕೆಲವು ದೇಶಗಳಿಗೆ ರಾಯಭಾರಿ, ಕೆಲವಕ್ಕೆ ಹೈಕಮಿಷನರ್ ಎನ್ನುತ್ತಾರೆ. ಯಾವುದು ದೊಡ್ಡ ಹುದ್ದೆ? (ತುಮಕೂರಿನ ವಿದ್ಯಾರ್ಥಿನಿ)

ಎರಡೂ ಸಮಾನ. ಕಾಮನ್‌ವೆಲ್ತ್ ದೇಶಗಳು ಪರಸ್ಪರ ಕಳುಹಿಸುವವರನ್ನು ಹೈಕಮಿಷನರ್ ಎನ್ನುತ್ತಾರೆ, ಉಳಿದ ಕಡೆ ರಾಯಭಾರಿ ಎನ್ನುತ್ತಾರೆ.

ಪ್ರಶ್ನೆ: ಯುದ್ಧ ಮಾಡಿದ ದೇಶಕ್ಕೆ ರಾಯಭಾರಿಯಾಗಿ ಹೋದವರು ಅಲ್ಲಿ ಏನು ತಾನೇ ಮಾಡಲು ಸಾಧ್ಯ? (ಶಿವಮೊಗ್ಗದ ಓದುಗರು)

1962ರ ಯುದ್ಧದ ನಂತರವೂ ಬೀಜಿಂಗಿನ ನಮ್ಮ ರಾಯಭಾರ ಕಚೇರಿ ಮುಚ್ಚಿರಲಿಲ್ಲ, ರಾಯಭಾರಿಯ ಕುರ್ಚಿ ಮಾತ್ರ ಖಾಲಿಯಿತ್ತು. ಕೆಳಗಿನ ದರ್ಜೆಯ ಅಧಿಕಾರಿಯೊಬ್ಬರು ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಎರಡು ದೇಶಗಳು ಸಂಬಂಧ ಕಡಿದುಕೊಳ್ಳದೆ ಮುನಿಸು ತೋರಿಸುವ ಬಗೆ ಇದು. 1970ರ ಮೇ 1ರಂದು ತಿಯಾನನ್‌ಮೆನ್‌ನ ವೇದಿಕೆಯ ಮೇಲೆ ಮಾವೊ, ಆಗ ಉಸ್ತುವಾರಿಯಲ್ಲಿದ್ದ ಬ್ರಜೇಶ್ ಮಿಶ್ರಾ ಅವರ ಕೈ ಕುಲುಕಿ ಮುಗುಳ್ನಕ್ಕು ಒಂದೆರಡು ಸ್ನೇಹದ ಮಾತಾಡಿದ್ದೇ ದೆಹಲಿಯಲ್ಲಿ ತಿಂಗಳುಗಟ್ಟಲೆ ಚರ್ಚೆಯ ವಿಷಯವಾಯಿತು ಎಂದರೆ ಆ ಮೌನ ಎಷ್ಟು ಗಟ್ಟಿಯಾಗಿತ್ತೆಂದು ಊಹಿಸಬಹುದು. ಕುರ್ಚಿ ಖಾಲಿಯಾದ ಸುಮಾರು 15 ವರ್ಷಗಳ ತರುವಾಯ, 1976ರಲ್ಲಿ, ಎರಡೂ ಕಡೆ ರಾಯಭಾರಿಗಳನ್ನು ಕಳುಹಿಸುವ ತೀರ್ಮಾನವಾದಾಗ ಇಂದಿರಾ ಗಾಂಧಿ ಆರಿಸಿದ್ದು ನಾರಾಯಣನ್ ಅವರನ್ನು.

ರಾಯಭಾರಿಯೊಬ್ಬರು ಹೋಗುವ ಮೊದಲು ಆ ದೇಶದ ಒಪ್ಪಿಗೆ ಪಡೆಯಬೇಕು. ಆ ದೇಶ ಒಪ್ಪದಿದ್ದರೆ ಕಾರಣ ಹೇಳಬೇಕಾದ್ದಿಲ್ಲ. 1961ರ ವಿಯೆನ್ನಾ ಒಪ್ಪಂದದ ನಿಯಮವಿದು. ಹೋದ ಮೇಲೆ ನಮ್ಮ ರಾಷ್ಟ್ರಪತಿಯ ಸಹಿಯಿರುವ ಅಧಿಕಾರಪತ್ರವನ್ನು ಅಲ್ಲಿಯ ರಾಷ್ಟ್ರದ ಮುಖ್ಯಸ್ಥರಿಗೆ ಒಪ್ಪಿಸಬೇಕು. ಇಷ್ಟಾದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. 1976ರ ಚೀನಾವನ್ನು ನೆನೆಸಿಕೊಳ್ಳಿ. ಜನವರಿಯಲ್ಲಿ ಚೌ ಎನ್‌ಲೈ ತೀರಿಕೊಂಡಿದ್ದರು, ಜುಲೈನಲ್ಲಿ ತಾಂಗ್‌ಶಾನ್ ಭೂಕಂಪ, ಸೆಪ್ಟೆಂಬರಿನಲ್ಲಿ ಮಾವೊ ನಿಧನ, ಅಕ್ಟೋಬರಿನಲ್ಲಿ ಮಾವೊ ಅವರ ಪತ್ನಿಯೂ ಸೇರಿದಂತೆ ನಾಲ್ವರು ಪ್ರಬಲರ ಬಂಧನ. ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದ ದೇಶದಲ್ಲಿ, ಸಮಾರಂಭದಲ್ಲಿ ಯಾರ ಪಕ್ಕ ಯಾರು ನಿಂತರು, ಪತ್ರಿಕೆಯಲ್ಲಿ ಯಾರ ಹೆಸರು ಯಾವ ಸಾಲಿಗೆ ಇಳಿಯಿತು ಎಂಬುದನ್ನು ಓದಿ ದೆಹಲಿಗೆ ತಿಳಿಸುವುದು ಹೊರಗಿನವರು ಪಡಬೇಕಾಗಿದ್ದ ಪಾಡು. ಗಡಿಯ ಒಂದಂಗುಲವೂ ಅತ್ತಿತ್ತ ಆಗಲಿಲ್ಲ, ನಿಜ. ಆದರೆ ರಾಯಭಾರಿಯ ಕೆಲಸವನ್ನು ಹಾಗೆ ಅಳೆದರೆ ತಪ್ಪಾಗುತ್ತದೆ. ಮಾತಾಡುವ ದಾರಿಯೇ ಮುಚ್ಚಿದ್ದ ಕಡೆ ಅದನ್ನು ತೆರೆದಿಟ್ಟಿದ್ದರಿಂದಲೇ 1979ರ ಫೆಬ್ರುವರಿಯಲ್ಲಿ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಬೀಜಿಂಗಿಗೆ ಹೋಗಲು ಸಾಧ್ಯವಾಯಿತು. ಅದೇ ಹೊತ್ತಿಗೆ ಚೀನಾ ವಿಯೆಟ್ನಾಂ ಮೇಲೆ ದಾಳಿ ಮಾಡಿದ್ದರಿಂದ ಅವರು ಪ್ರವಾಸವನ್ನು ಮೊಟಕುಗೊಳಿಸಿ ಬರಬೇಕಾಯಿತು. ಇಂಥ ಹಿನ್ನಡೆಗಳೂ ಈ ವೃತ್ತಿಯ ಲೆಕ್ಕದಲ್ಲೇ ಸೇರುತ್ತವೆ. 1998ರ ಅಣು ಪರೀಕ್ಷೆಯ ನಂತರ ಸಂಬಂಧ ಮತ್ತೆ ಹಳಸಿದಾಗ, 2000ದಲ್ಲಿ ನಾರಾಯಣನ್ ರಾಷ್ಟ್ರಪತಿಯಾಗಿ ಅದೇ ಊರಿಗೆ ಹೋಗಿಬಂದರು.

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಬಂದಾಗ ನಾರಾಯಣನ್ ಔತಣಕೂಟದಲ್ಲಿ ಕಟುವಾಗಿ ಮಾತಾಡಿದರು ಎಂದು ಆಗ ಟೀಕೆ ಬಂದಿತ್ತು. ರಾಯಭಾರಿಯಾಗಿದ್ದವರಿಗೆ ಅದು ಶೋಭಿಸುತ್ತಿತ್ತೇ? (ಮೈಸೂರಿನ ಓದುಗರು)

2000ದ ಮಾರ್ಚಿನಲ್ಲಿ ನಡೆದದ್ದು ಇದು. ಕ್ಲಿಂಟನ್ ನಮ್ಮ ಉಪಖಂಡವನ್ನು ಜಗತ್ತಿನ ಅತ್ಯಂತ ಅಪಾಯಕಾರಿ ಜಾಗವೆಂಬಂತೆ ಬಣ್ಣಿಸಿದ್ದರು. ರಾಷ್ಟ್ರಪತಿ ಭವನದ ಔತಣದಲ್ಲಿ ನಾರಾಯಣನ್, ಇಂಥ ಭೀತಿ ಹುಟ್ಟಿಸುವ ವರ್ಣನೆಗಳು ಶಾಂತಿ ಕೆಡಿಸಲು ಹೊರಟವರಿಗೇ ಉತ್ತೇಜನ ಕೊಡುತ್ತವೆ ಎಂದರು. ಜಗತ್ತು ಒಂದೇ ಹಳ್ಳಿಯಾಗಿದೆ ಎಂದಮಾತ್ರಕ್ಕೆ ಅದನ್ನು ಒಬ್ಬನೇ ಗೌಡ ಆಳಬೇಕೆಂದಲ್ಲ ಎಂಬ ಅರ್ಥದ, ಆಫ್ರಿಕದ ಮುತ್ಸದ್ದಿಯೊಬ್ಬರ ಮಾತನ್ನೂ ನೆನಪಿಸಿದರು.

ಅತಿಥಿಯನ್ನು ಮನೆಗೆ ಕರೆದು ಹೀಗೆ ಹೇಳಬಹುದೇ ಎಂಬ ನಿಮ್ಮ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಅವರು ಮಾಡಿದ್ದು ಸರಿ. ವಾಷಿಂಗ್ಟನ್ನಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಅವರಿಗೆ ಅಲ್ಲಿಯವರು ಯಾವ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾರೆಂದು ಗೊತ್ತಿತ್ತು. ಮೃದುವಾಗಿ ಮಾತಾಡುವುದು ಬೇರೆ, ಹೇಳಬೇಕಾದ್ದನ್ನು ನುಂಗಿಕೊಳ್ಳುವುದು ಬೇರೆ. ರಾಯಭಾರಿಯ ಕಸುಬು ಕಲಿಸುವುದು ಮೊದಲನೆಯದನ್ನು ಮಾತ್ರ.

ಪ್ರಶ್ನೆ: ಬೊಮ್ಮಾಯಿ ತೀರ್ಪಿಗೂ ನಾರಾಯಣನ್ ಅವರಿಗೂ ಸಂಬಂಧವಿದೆ ಎಂದು ಕೇಳಿದ್ದೇನೆ. ವಿವರಿಸುವಿರಾ? (ಹುಬ್ಬಳ್ಳಿಯ ವಕೀಲರು)

ಸಂತೋಷದಿಂದ. ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು, ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ, 1989ರ ಏಪ್ರಿಲಿನಲ್ಲಿ ವಜಾ ಮಾಡಲಾಗಿತ್ತು. ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಕೊಟ್ಟ ತೀರ್ಪು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ರಾಜ್ಯಪಾಲರ ಕೋಣೆಯಲ್ಲಲ್ಲ ಎಂದು ಸ್ಪಷ್ಟಪಡಿಸಿತು. ಬೊಮ್ಮಾಯಿಯವರಿಗೆ ಅಧಿಕಾರವೇನೂ ಮರಳಿ ಸಿಗಲಿಲ್ಲ, ಆದರೆ ಮುಂದಿನವರ ಕೈಗೆ ಒಂದು ಗಟ್ಟಿ ಊರುಗೋಲು ಸಿಕ್ಕಿತು.

ಅದನ್ನು ಹಿಡಿದು ನಿಂತ ಮೊದಲ ರಾಷ್ಟ್ರಪತಿ ನಾರಾಯಣನ್. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ವಿಧಾನಸಭೆಯಲ್ಲಿ ಹೊಡೆದಾಟ ನಡೆದು, ಅದರ ನಡುವೆಯೇ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ವಿಶ್ವಾಸಮತ ಗೆದ್ದರು. ಕೇಂದ್ರದ ಗುಜ್ರಾಲ್ ಸರ್ಕಾರ ಅಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿತು. ನಾರಾಯಣನ್ ಕಡತವನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು, ಸಂಪುಟ ಶಿಫಾರಸನ್ನು ಕೈಬಿಟ್ಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ವಾಜಪೇಯಿ ಸರ್ಕಾರ ಬಿಹಾರದ ರಾಬ್ಡಿ ದೇವಿ ಸರ್ಕಾರದ ವಿರುದ್ಧ ಅಂಥದ್ದೇ ಶಿಫಾರಸು ಕಳುಹಿಸಿದಾಗಲೂ ಹಿಂದಿರುಗಿಸಿದರು. ಎರಡೂ ಸಲ ಬೊಮ್ಮಾಯಿ ತೀರ್ಪನ್ನು ಉಲ್ಲೇಖಿಸಿದರು. 1999ರ ಫೆಬ್ರುವರಿಯಲ್ಲಿ, ಬಿಹಾರದಲ್ಲಿ ದಲಿತರ ಹತ್ಯಾಕಾಂಡಗಳು ನಡೆದ ಮೇಲೆ, ಸಂಪುಟ ಮತ್ತೊಮ್ಮೆ ಅದನ್ನೇ ಕಳುಹಿಸಿದಾಗ ಸಹಿ ಹಾಕಿದರು. ಸಂಪುಟ ಎರಡನೆಯ ಬಾರಿ ಹೇಳಿದ್ದನ್ನು ರಾಷ್ಟ್ರಪತಿ ಒಪ್ಪಬೇಕೆಂದು ಸಂವಿಧಾನವೇ ಹೇಳುತ್ತದೆ. ಒಂದು ಸಲ ಬೇರೆ ಬೇರೆ ಪಕ್ಷಗಳ ಒಕ್ಕೂಟ, ಇನ್ನೊಂದು ಸಲ ಅದರ ಎದುರಾಳಿ. ನಾರಾಯಣನ್ ಇಬ್ಬರಿಗೂ ಕೊಟ್ಟ ಉತ್ತರ ಒಂದೇ.

ವಕೀಲರಾದ ನಿಮಗೆ ಇದರ ಕಾನೂನಿನ ಭಾಗ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಮುಖ್ಯವೆನಿಸುವುದು ರೀತಿ. ಅವರಿಗಿಂತ ಹಿಂದಿನವರಲ್ಲಿ ಹಲವರು ಒಪ್ಪಿಗೆಯಿಲ್ಲದಿದ್ದರೂ ಸಹಿ ಹಾಕಿದರು ಅಥವಾ ಸದ್ದಿಲ್ಲದೆ ಕಡತವನ್ನು ಇಟ್ಟುಕೊಂಡರು. ನಾರಾಯಣನ್ ತಮ್ಮ ತೀರ್ಮಾನದ ಕಾರಣವನ್ನು ಪ್ರಕಟಣೆಯ ಮೂಲಕ ಜನರಿಗೂ ತಿಳಿಸುತ್ತಿದ್ದರು. ದಶಕಗಟ್ಟಲೆ ದೆಹಲಿಗೆ ವರದಿ ಬರೆದವರ ಕೈ ಅಲ್ಲಿ ಕಾಣುತ್ತದೆ. 1998ರ ಫೆಬ್ರುವರಿ 16ರಂದು ರಾಷ್ಟ್ರಪತಿ ಭವನದ ಆವರಣದ ಮತಗಟ್ಟೆಗೆ ಬಂದು, ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದ ಮೊದಲ ಹಾಲಿ ರಾಷ್ಟ್ರಪತಿಯೂ ಅವರೇ. ತರಗತಿಯ ಹೊರಗೆ ನಿಂತಿದ್ದ ಹುಡುಗ ಆ ಸಾಲಿನಲ್ಲಿ ನಿಂತದ್ದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಪ್ರಶ್ನೆ: ಕನ್ನಡನಾಡಿನ ನಂಟಿದ್ದ ಇಂಥವರು ಬೇರೆ ಯಾರೂ ಇಲ್ಲವೇ? (ಮಂಗಳೂರಿನ ಓದುಗರು)

ನಿಮ್ಮ ಕರಾವಳಿಯವರೇ ಆದ ಬೆನೆಗಲ್ ನರಸಿಂಗ ರಾಯರಿದ್ದಾರಲ್ಲ! ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1950ರ ಜೂನಿನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ಎಸ್. ರಾಧಾಕೃಷ್ಣನ್ 1949ರಿಂದ 1952ರವರೆಗೆ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದು ಸ್ಟಾಲಿನ್ ಅವರನ್ನು ಭೇಟಿ ಮಾಡಿದವರು. 1921ರಲ್ಲಿ ಅವರು ಮೈಸೂರು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಬಿಟ್ಟುಬಂದದ್ದನ್ನು ಹಳೆಯ ಮೈಸೂರಿಗರ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ.

ಪ್ರಶ್ನೆ: ಮೂರು ವರ್ಷಕ್ಕೊಂದು ದೇಶ ಎಂದರೆ ಸಂಸಾರದ ಗತಿ ಏನು? ಅವರ ಮನೆಯವರ ಬಗ್ಗೆ ಯಾರೂ ಬರೆಯುವುದಿಲ್ಲ. (ಚಿತ್ರದುರ್ಗದ ಗೃಹಿಣಿ)

ಒಳ್ಳೆಯ ಪ್ರಶ್ನೆ, ತಾಯಿ. ನಾರಾಯಣನ್ ರಂಗೂನಿನಲ್ಲಿದ್ದಾಗ ಭೇಟಿಯಾದ ಮಾ ಟಿಂಟ್ ಟಿಂಟ್ ಅವರನ್ನು 1951ರ ಜೂನಿನಲ್ಲಿ ದೆಹಲಿಯಲ್ಲಿ ಮದುವೆಯಾದರು. ವಿದೇಶಾಂಗ ಸೇವೆಯಲ್ಲಿರುವವರು ಪರದೇಶದವರನ್ನು ಮದುವೆಯಾಗಲು ನಿಯಮ ಅಡ್ಡಬರುತ್ತಿದ್ದುದರಿಂದ ನೆಹರೂ ವಿಶೇಷ ಅನುಮತಿ ಕೊಡಬೇಕಾಯಿತು. ಆಕೆ ಉಷಾ ಎಂಬ ಹೆಸರನ್ನೂ ಭಾರತದ ಪೌರತ್ವವನ್ನೂ ಪಡೆದು, ಊರಿಂದೂರಿಗೆ ಮನೆ ಬದಲಿಸುತ್ತ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಅವರಲ್ಲಿ ಚಿತ್ರಾ ಎಂಬುವರು ತಂದೆಯ ವೃತ್ತಿಯನ್ನೇ ಹಿಡಿದು, 1973ರಿಂದ 1975ರವರೆಗೆ ತಂದೆ ರಾಯಭಾರಿಯಾಗಿದ್ದ ಅದೇ ಟರ್ಕಿಗೆ ಮುಂದೆ ತಾವೂ ರಾಯಭಾರಿಯಾಗಿ ಹೋದರು.