ಋತುಗಳ ಚಕ್ರ ನಂಬಿದವರಿಗೂ ಅಳು ಬರುತ್ತದೆ

ಇದು ಆಪ್ತಸಮಾಲೋಚನೆಗಾಗಿ ನನ್ನ ಬಳಿ ಬಂದ ಇಂಗ್ಲೆಂಡಿನ ಪ್ರಕರಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಬರೆಯಲು ಆಕೆಯ ಒಪ್ಪಿಗೆಯೂ ಇದೆ.

ಆಕೆಗೆ ನಲವತ್ತರ ಆಸುಪಾಸು. ಪೇಗನ್ ಧರ್ಮದವರು, ಅದರಲ್ಲೂ ವಿಕ್ಕಾ ಪಂಥ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 74,000 ಜನ ಪೇಗನ್ ಎಂದು, ಸುಮಾರು 13,000 ಜನ ವಿಕ್ಕಾ ಎಂದು ಬರೆಸಿದ್ದಾರೆ. ಪ್ರಕೃತಿಯೇ ಪವಿತ್ರ, ವರ್ಷಕ್ಕೆ ಎಂಟು ಹಬ್ಬ, ಋತುಗಳ ಹಾಗೆ ಜೀವವೂ ಹೋಗಿ ಬರುತ್ತದೆ ಅನ್ನುವುದು ಇವರಲ್ಲಿ ಬಹಳ ಜನರ ನಂಬಿಕೆ.

ಆಕೆಯ ಸಂಗಾತಿ ಹೃದಯಾಘಾತದಿಂದ ಹೋಗಿಬಿಟ್ಟಿದ್ದರು. ಇಬ್ಬರದು ಹ್ಯಾಂಡ್‌ಫಾಸ್ಟಿಂಗ್ ಆಗಿತ್ತು. ಗೆಳೆಯರ ಮುಂದೆ, ಮರದ ಕೆಳಗೆ, ಇಬ್ಬರ ಕೈಗೂ ರಿಬ್ಬನ್ ಕಟ್ಟುವ ಮದುವೆ ಅದು. ಇಂಗ್ಲೆಂಡಿನ ಕಾನೂನು ಅದಷ್ಟನ್ನೇ ಮದುವೆ ಅಂತ ಒಪ್ಪುವುದಿಲ್ಲ. ಉಯಿಲೂ ಇರಲಿಲ್ಲ. ಹಾಗಾಗಿ ಅಂತ್ಯಕ್ರಿಯೆಯ ತೀರ್ಮಾನವೆಲ್ಲ ಸಂಗಾತಿಯ ತಂದೆ ತಾಯಿ ಪಾಲಿಗೆ ಹೋಯಿತು. ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ಈಕೆ ಹಿಂದಿನ ಸಾಲಿನಲ್ಲಿ ಕೂತಿದ್ದರು.

ನನ್ನ ಹತ್ತಿರ ಬಂದಾಗ ಮೊದಲು ಹೇಳಿದ್ದು ಅದನ್ನಲ್ಲ. "ನಾನು ಇಷ್ಟೊಂದು ಅಳಬಾರದು ಅಲ್ವಾ? ನಂಬಿಕೆ ಗಟ್ಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ" ಅಂದರು. ಪಂಥದ ಗೆಳತಿಯರು, "ಚಕ್ರ ತಿರುಗುತ್ತೆ, ಅವನು ಸಮ್ಮರ್‌ಲ್ಯಾಂಡ್‌ನಲ್ಲಿ ಸುಖವಾಗಿದ್ದಾನೆ" ಎನ್ನುತ್ತಿದ್ದರಂತೆ. ಮತ್ತೆ ಹುಟ್ಟುವ ಮೊದಲು ಜೀವ ಅಲ್ಲಿ ವಿಶ್ರಾಂತಿ ಪಡೆಯುತ್ತದೆ ಅಂತ ಅನೇಕ ವಿಕ್ಕನ್ನರು ನಂಬುತ್ತಾರೆ. ಒಳ್ಳೆಯ ಮಾತೇ, ಆದರೆ ಈಕೆಗೆ ಅದು ಅಳುವುದೇ ತಪ್ಪು ಅಂದ ಹಾಗೆ ಕೇಳಿಸಿತ್ತು.

ಆಕೆ ಮನೆಯಲ್ಲಿ ಪೂಜಿಸುವುದು ಗ್ರೀಕ್ ದೇವತೆ ಡಿಮೀಟರ್‌ಳನ್ನು. ಬೆಳೆಯ ದೇವತೆ ಅವಳು, ಅವಳ ಮಗಳನ್ನು ಕೆಳಲೋಕದ ದೊರೆ ಎತ್ತಿಕೊಂಡು ಹೋದ ಅನ್ನುವುದು ಕಥೆ. ಮಗಳನ್ನು ಕಳೆದುಕೊಂಡಾಗ ನಿಮ್ಮ ದೇವತೆ ಏನು ಮಾಡಿದಳು ಅಂತ ಕೇಳಿದೆ. ಆಕೆಯೇ ಹೇಳುತ್ತಾ ಹೋದರು. ಒಂಬತ್ತು ದಿನ ಊಟ ಬಿಟ್ಟಳು, ಸ್ನಾನ ಬಿಟ್ಟಳು, ಪಂಜು ಹಿಡಿದು ಹುಡುಕಿದಳು. ಎಲೂಸಿಸ್ ಅನ್ನುವ ಊರಿನಲ್ಲಿ ಬಾವಿಯ ಪಕ್ಕ ಕೂತಳು. ದ್ರಾಕ್ಷಾರಸ ಕೊಟ್ಟರೆ ಬೇಡ ಅಂದು, ಬಾರ್ಲಿ ಮತ್ತು ಪುದೀನದಂಥ ಸೊಪ್ಪು ಹಾಕಿದ ನೀರು ಕುಡಿದಳು. ಆಮೇಲೆ ಭೂಮಿಯಲ್ಲಿ ಬೆಳೆಯನ್ನೇ ನಿಲ್ಲಿಸಿದಳು. ದೇವರುಗಳು ಒಬ್ಬೊಬ್ಬರಾಗಿ ಬಂದು ಬೇಡಿಕೊಂಡರೂ ಜಗ್ಗಲಿಲ್ಲ. ಕೊನೆಗೂ ಮಗಳು ವರ್ಷದ ಮೂರನೇ ಒಂದು ಭಾಗ ಕೆಳಲೋಕದಲ್ಲೇ ಉಳಿದಳು. ಇಷ್ಟು ಹೇಳಿ ಆಕೆ ತುಂಬಾ ಹೊತ್ತು ಅತ್ತರು. ನಾನು ನಡುವೆ ಮಾತಾಡಲಿಲ್ಲ.

ಇಲ್ಲಿ ಎರಡು ದುಃಖ ಇತ್ತು. ಒಂದು ಸಾವಿನದು. ಇನ್ನೊಂದು, ಅಳುವ ಹಕ್ಕೇ ನಿನಗಿಲ್ಲ ಅಂತ ಸಮಾಜ ತೋರಿಸಿದ್ದರದು. ಈ ಎರಡನೆಯದರ ಬಗ್ಗೆ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ವಿವರವಾಗಿ ಬರೆದಿದ್ದಾರೆ. ಅದನ್ನು ಬಿಡಿಸಿ ಹೇಳಿದ ಮೇಲೆ ಆಕೆ ಸ್ವಲ್ಪ ಹಗುರಾದರು.

ಒಂದು ಪ್ರಶ್ನೆ ನೇರವಾಗಿ ಕೇಳಲೇಬೇಕಿತ್ತು. "ಅವನಿರುವಲ್ಲಿಗೆ ಹೋಗಬೇಕು ಅನ್ನಿಸುತ್ತಾ? ಸಾಯುವ ಯೋಚನೆ ಬರುತ್ತಾ?" ಸಮ್ಮರ್‌ಲ್ಯಾಂಡ್ ಆಗಲಿ, ಸ್ವರ್ಗ ಆಗಲಿ, ಆಚೆ ಒಂದು ಚಂದದ ಲೋಕ ಇದೆ ಅಂತ ನಂಬಿದವರಿಗೆ ಇದನ್ನು ಕೇಳದೆ ಬಿಡಬಾರದು. ಯೋಚನೆ ಬಂದು ಹೋಗುತ್ತದೆ, ಅದಕ್ಕೆ ಏನೂ ತಯಾರಿ ಮಾಡಿಲ್ಲ ಅಂದರು. ಅದೇ ವಾರ ಡಾಕ್ಟರನ್ನು ನೋಡಲು ಒಪ್ಪಿದರು. ಅಲ್ಲಿನ ಸಮಾರಿಟನ್ಸ್ ಸಹಾಯವಾಣಿ 116 123 ಅನ್ನು ಫೋನಿನಲ್ಲಿ ಸೇವ್ ಮಾಡಿಸಿದೆ.

ರಾತ್ರಿಯೆಲ್ಲ ಅವರು ಪೆಂಡುಲಮ್ ಹಿಡಿದು ಕೂರುತ್ತಿದ್ದರು. ಸರಪಳಿಗೆ ಕಟ್ಟಿದ ಸಣ್ಣ ಕಲ್ಲು. ಅತ್ತಿತ್ತ ಆಡಿದರೆ ಅವನ ಉತ್ತರ ಹೌದು, ಸುತ್ತಿದರೆ ಇಲ್ಲ. ಅದು ನಿಜವೋ ಸುಳ್ಳೋ ಅನ್ನುವುದು ನನ್ನ ಕೆಲಸ ಅಲ್ಲ. ಆದರೆ ನಿದ್ದೆ ಹಾಳಾಗಿತ್ತು, ಕಲ್ಲು ಅಲ್ಲಾಡದಿದ್ದರೆ ಮಾರನೇ ದಿನ ಪೂರ್ತಿ ಕುಸಿದು ಹೋಗುತ್ತಿದ್ದರು. ವಾರಕ್ಕೆ ಒಂದು ಸಂಜೆ ಮಾತ್ರ ಅಂತ ಇಬ್ಬರೂ ಸೇರಿ ತೀರ್ಮಾನಿಸಿದೆವು. ಉಳಿದ ದಿನ ಅವನಿಗೆ ಒಂದು ನೋಟ್‌ಬುಕ್ಕಿನಲ್ಲಿ ಪತ್ರ ಬರೆಯಬಹುದು. ಸತ್ತವರೊಂದಿಗೆ ನಂಟು ಉಳಿಸಿಕೊಳ್ಳುವುದು ಕಾಯಿಲೆ ಅಲ್ಲ. 1990ರ ದಶಕದಿಂದ ದುಃಖದ ಅಧ್ಯಯನಗಳಲ್ಲಿ ಈ ಮಾತು ಗಟ್ಟಿಯಾಗಿದೆ.

ಅವರದೇ ರೀತಿಯ ವಿಧಿಗೆ ಶವ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಗೆಳೆಯರು ವೃತ್ತವಾಗಿ ನಿಂತು ಅವನ ಹೆಸರು ಕರೆಯಲಿ, ಆ ರಿಬ್ಬನ್ ನಡುವೆ ಇರಲಿ ಅಂದೆ. ಬೂದಿಯಲ್ಲಿ ಒಂದು ಪಾಲು ಕೇಳಿ ಅವನ ತಾಯಿಗೆ ಪತ್ರ ಬರೆಯಲು ಹೇಳಿದೆ. ಅದರಲ್ಲಿ ದೂರು ಬೇಡ, ಕೋರಿಕೆ ಒಂದೇ ಸಾಕು. ಸಿಕ್ಕರೆ ಗಿಡದ ಬುಡಕ್ಕೆ ಒಂದೇ ಕಡೆ ರಾಶಿ ಸುರಿಯಬಾರದು. ಅದರಲ್ಲಿ ಕ್ಷಾರ, ಉಪ್ಪು ಜಾಸ್ತಿ, ಗಿಡ ಒಣಗಬಹುದು. ಅವನ ನೆನಪಿಗೆ ನೆಟ್ಟ ಗಿಡವೂ ಸತ್ತರೆ ಅದೂ ಒಂದು ಸಾವೇ ಆಗುತ್ತದೆ. ತಮ್ಮ ಪಾಲಿಗಾದರೂ ಈಗಲೇ ಉಯಿಲು ಬರೆದು, ನಂಬಿಕಸ್ತರೊಬ್ಬರನ್ನು ಅದರ ಜವಾಬ್ದಾರಿಗೆ ಹೆಸರಿಸಿ ಅಂತಲೂ ಹೇಳಿದೆ. ಆ ಕೆಲಸ ಬೇಗ ಮುಗಿಸಿದರು.

ಅಕ್ಟೋಬರ್ 31ರ ಸಂಜೆ, ಆ ಎಂಟು ಹಬ್ಬಗಳಲ್ಲಿ ಒಂದಾದ ಸವೆನ್. ಆಗ ಸತ್ತವರಿಗೂ ತಟ್ಟೆ ಇಟ್ಟು ಮಾತಿಲ್ಲದೆ ಊಟ ಮಾಡುವ ಪದ್ಧತಿ ಕೆಲವರಲ್ಲಿದೆ. ನಮ್ಮಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆದರೂ ನಮ್ಮ ಪದ್ಧತಿಯನ್ನು ನಾನು ನಡುವೆ ತರಲಿಲ್ಲ, ಅದು ಆಕೆಯ ದುಃಖದ ಜಾಗ. ಒಬ್ಬರೇ ಕೂರಬೇಡಿ, ಕಷ್ಟ ಅನ್ನಿಸಿದರೆ ಎದ್ದುಬಿಡಿ, ಅವನು ಬಂದ ಅಂತ ಅನ್ನಿಸದಿದ್ದರೆ ನಿಮ್ಮ ಪ್ರೀತಿ ಕಡಿಮೆ ಅಂತ ಅಲ್ಲ ಅಂತಷ್ಟೇ ಹೇಳಿದೆ.

ಅವನ ತಾಯಿಯ ಉತ್ತರ ಇನ್ನೂ ಬಂದಿಲ್ಲ. ಮುಂದಿನ ಭೇಟಿಯನ್ನು ನವೆಂಬರ್ ಮೊದಲ ವಾರಕ್ಕೇ ಇಟ್ಟುಕೊಂಡಿದ್ದೇವೆ. ಹಬ್ಬದ ದಿನ ಜನ ಇರುತ್ತಾರೆ, ಮನೆ ಖಾಲಿಯಾಗುವುದು ಅದರ ಮಾರನೇ ದಿನ.